ಸಾಲಿಯ ಫೋಟೊ ನೋಡಲು ಹೋಗಿ

ನಮ್ಮ ಕಂಪನಿಯಲ್ಲಿ ನನ್ನನ್ನು ಹೆಸರು ಹಿಡಿದು ಕರೆಯುವವರು ಕಡಿಮೆ. ತೆಲುಗು ನಾಡಿನ ಗಡಿಯ ನಾರಾಯಣಪೇಟೆಯ ದೊಡ್ಡ ಆಫೀಸು, ಮಕ್ತಲದ ನೂಲಿನ ಡಿಪೋ, ಗದ್ವಾಲದ ಅಂಗಡಿ, ಮೂರೂ ಕಡೆ ನಾನು ‘ಸಿಸ್ಟಮ್ ಅಕ್ಕಾರು’. ನೇಕಾರರ ಮನೆಗಳಿಂದ ಸೀರೆ ಕೊಂಡು ಶಹರಗಳಿಗೆ ಕಳಿಸುವ ಕಂಪನಿ ಅದು. ಮೊದಲು ಎಲ್ಲ ಲೆಕ್ಕವೂ ಮಾಲೀಕರಾದ ಸಾವ್ಕಾರರ ತಲೆಯಲ್ಲಿ ಇತ್ತಂತೆ. ನಾನು ಸೇರುವ ಹೊತ್ತಿಗೆ ಕಂಪ್ಯೂಟರಿಗೆ ಬಂದಿತ್ತು. ಆಮೇಲೆ ಸರ್ವರ್ ಬಂತು, ಅದರ ಜಿಮ್ಮೇದಾರಿ ನನಗೆ ಬಂತು.

ಹಿಂದೆ ರೇಷ್ಮೆ ಮತ್ತು ಜರಿ ಇಡುತ್ತಿದ್ದ ಕೋಣೆಯಲ್ಲೇ ಸರ್ವರ್ ಇಟ್ಟೆವು. ಆ ಕೋಣೆಯ ಕಿಟಕಿಗೆ ಇಟ್ಟಿಗೆ ಕಟ್ಟಿ ಮುಚ್ಚಿದ್ದರು, ಬಾಗಿಲು ಗಟ್ಟಿಯಿತ್ತು. ಈಗ ಅಲ್ಲಿ ಎಸಿ ಹಗಲೂ ರಾತ್ರಿ ಓಡುತ್ತದೆ. ಮೂರೂ ಊರುಗಳ ನೇಕಾರರ ಆಧಾರ್, ಬ್ಯಾಂಕ್ ಖಾತೆ, ಹೆಬ್ಬೆರಳ ಗುರುತು, ಮನೆಯ ವಿಳಾಸ, ಸೀರೆ ಕೊಂಡ ಗಿರಾಕಿಗಳ ಫೋನ್ ನಂಬರು, ಎಲ್ಲವೂ ಆ ಎರಡು ಕಪ್ಪು ಪೆಟ್ಟಿಗೆಗಳ ಒಳಗಿವೆ. ಹೊರಗಿನವರು ಬಂದರೆ ಸಾವ್ಕಾರರು ಮಗ್ಗ ತೋರಿಸಿದಷ್ಟೇ ಹೆಮ್ಮೆಯಿಂದ ಆ ಕೋಣೆಯನ್ನೂ ತೋರಿಸುತ್ತಿದ್ದರು. “ಇವರ ಹುಕುಂ ಇಲ್ದ ಇಲ್ಲಿ ನೊಣ ಸೈತ ಒಳಗ ಬರಂಗಿಲ್ಲ” ಎಂದು ನನ್ನ ಕಡೆ ಕೈ ಮಾಡುತ್ತಿದ್ದರು. ನಾನು ಸೆರಗು ಸರಿಮಾಡಿಕೊಂಡು ನಿಲ್ಲುತ್ತಿದ್ದೆ.

ನಿಯಮಗಳನ್ನೆಲ್ಲ ನಾನೇ ಬರೆದಿದ್ದೆ. ಪೆನ್ ಡ್ರೈವ್ ಹಾಕಬಾರದು. ಕುರ್ಚಿಯಿಂದ ಎದ್ದರೆ ಪರದೆಗೆ ಬೀಗ ಹಾಕಬೇಕು. ಒಬ್ಬರ ಪಾಸ್‌ವರ್ಡ್ ಇನ್ನೊಬ್ಬರಿಗೆ ಹೇಳಬಾರದು. ಗದ್ವಾಲದ ಅಂಗಡಿಯ ಮ್ಯಾನೇಜರು ತಮ್ಮ ಪಾಸ್‌ವರ್ಡನ್ನು ಚೀಟಿಯಲ್ಲಿ ಬರೆದು ಕ್ಯಾಲೆಂಡರಿನ ಹಿಂದೆ ಅಂಟಿಸಿದ್ದರು. ನಾನು ಹೋದ ದಿನ ಗಾಳಿಗೆ ಕ್ಯಾಲೆಂಡರು ಮೇಲೆದ್ದು ಅದು ಕಂಡಿತು. ಗಿರಾಕಿಗಳ ಎದುರೇ ಚೀಟಿ ಹರಿದು ಅವರ ಕೈಗೆ ಕೊಟ್ಟಿದ್ದೆ. ಅವರು ನನಗಿಂತ ದೊಡ್ಡವರು. ಚೂರುಗಳನ್ನು ಕಿಸೆಗೆ ಹಾಕಿಕೊಂಡರು.

ಮೋಸದ ಮೇಲ್‌ಗಳ ಬಗ್ಗೆ ಪಾಠ ಹೇಳುವಾಗ ನನ್ನದೇ ಒಂದು ಮಾತಿತ್ತು. “ಮೇಲ್‌ನಾಗ ಬಂದ ಲಿಂಕು ಅಂದ್ರ ಮೂರು ದಾರಿ ಕೂಡೋ ಜಾಗದಾಗ ಮಂತ್ರಿಸಿ ಇಟ್ಟ ನಿಂಬಿಹಣ್ಣು ಇದ್ದಂಗ್ರೀ. ಮುಟ್ಟಬ್ಯಾಡ್ರಿ, ತುಳೀಬ್ಯಾಡ್ರಿ, ದಾಟಿ ಹೋಗ್ರಿ.” ಎಲ್ಲರೂ ನಗುತ್ತಿದ್ದರು, ನಕ್ಕು ನೆನಪಿಟ್ಟುಕೊಳ್ಳುತ್ತಿದ್ದರು. ಯಾವುದಾದರೂ ಅನುಮಾನದ ಮೇಲ್ ಬಂದರೆ ಮಕ್ತಲದಿಂದ ಫೋನ್ ಬರುತ್ತಿತ್ತು: “ಅಕ್ಕಾರ, ಒಂದು ನಿಂಬಿಹಣ್ಣು ಬಂದೈತ್ರಿ, ಏನ್ ಮಾಡ್ಲಿ?” ಮಕ್ತಲದ ಡಿಪೋ ನೋಡಿಕೊಳ್ಳುವ ಹೆಣ್ಣುಮಗಳ ಫೋನು ಅದು. ನನಗಿಂತ ಸ್ವಲ್ಪ ಚಿಕ್ಕವಳು, ಮಿತ ಮಾತಿನವಳು, ಕೆಲಸದಲ್ಲಿ ಗಟ್ಟಿ.

ಹೀಗಿರುವಾಗ ಒಬ್ಬ ದೊಡ್ಡ ವ್ಯಾಪಾರಿ ನಮ್ಮ ಸೀರೆ ತೆಗೆದುಕೊಳ್ಳಲು ಮುಂದೆ ಬಂದ. ಅವನದೊಂದು ಷರತ್ತಿತ್ತು. ಜನರ ಮಾಹಿತಿಯನ್ನು ನಾವು ಭದ್ರವಾಗಿ ಇಟ್ಟಿದ್ದೇವೆಂದು ಹೊರಗಿನ ಆಡಿಟರ್ ಬಂದು ನೋಡಿ ಸರ್ಟಿಫಿಕೇಟ್ ಕೊಡಬೇಕು. ಸಾವ್ಕಾರರು ಹೈದರಾಬಾದಿನ ಒಬ್ಬ ಆಡಿಟರನ್ನು ಗೊತ್ತುಮಾಡಿ ಕಾಗದಕ್ಕೆ ಸಹಿ ಹಾಕಿದರು. ಆ ಕಾಗದದಲ್ಲಿ ಏನೇನಿತ್ತೆಂದು ನಾನು ಕೇಳಲಿಲ್ಲ. ನನಗೆ ಭಯವೇ ಇರಲಿಲ್ಲ. ಪರೀಕ್ಷೆಗೆ ಚೆನ್ನಾಗಿ ಓದಿದ ಹುಡುಗಿಯ ಹಾಗೆ ಕಾಯುತ್ತಿದ್ದೆ.

ಬಂದ ಆಡಿಟರು ವಯಸ್ಸಿನಲ್ಲಿ ನನ್ನ ತಮ್ಮನಷ್ಟಿದ್ದ. ಬೆಳಿಗ್ಗೆಯೆಲ್ಲ ಇಂಗ್ಲಿಷಿನಲ್ಲಿ ಕೇಳಿದ, ನಡುನಡುವೆ ತೆಲುಗು. ಬೀಗದ ಕೈ ಯಾರ ಹತ್ತಿರ, ಬ್ಯಾಕಪ್ ಎಲ್ಲಿ ಇಡುತ್ತೀರಿ, ಕೆಲಸ ಬಿಟ್ಟುಹೋದವರ ಖಾತೆ ಮುಚ್ಚಿದ್ದೀರಾ, ಯಾರು ಯಾವಾಗ ಒಳಗೆ ಬಂದರೆಂಬ ದಾಖಲೆಯನ್ನು ಯಾರಾದರೂ ಅಳಿಸಬಹುದೇ. ಅಳಿಸಲು ಬರುವುದಿಲ್ಲ, ನನಗೂ ಬರುವುದಿಲ್ಲ ಎಂದೆ. ಅವನು ತಲೆಯೆತ್ತಿ ನೋಡಿ, “ಗುಡ್” ಎಂದ. ಆ ಒಂದು ಶಬ್ದಕ್ಕೆ ನನ್ನ ಹೊಟ್ಟೆ ತಂಪಾಯಿತು.

ಮಧ್ಯಾಹ್ನ ಮಕ್ತಲದಿಂದ ನಮ್ಮವ್ವನ ಫೋನು ಬಂತು. ಅವಳು ದಿನಾ ಆ ಹೊತ್ತಿಗೇ ಮಾಡುತ್ತಾಳೆ. “ಆಡಿಟ್‌ನೋರು ಬಂದಾರಬೇ, ಆಮ್ಯಾಲ ಮಾಡ್ತೀನಿ” ಎಂದು ಇಟ್ಟೆ. ಎದುರು ಕೂತಿದ್ದ ಆಡಿಟರನ ಮುಖವೇ ಬದಲಾಗಿತ್ತು.

“ನೀವು ಕನ್ನಡದೋರೇನ್ರೀ ಅಕ್ಕಾರ? ನಮ್ಮವ್ವನೂ ರಾಯಚೂರು ಕಡಿಯಾಕಿರಿ.”

ಅಲ್ಲಿಂದ ಮುಂದೆ ಅವನು ಆಡಿಟರಾಗಿ ಉಳಿಯಲಿಲ್ಲ, ಅಥವಾ ನನಗೆ ಹಾಗನ್ನಿಸಿತು. ನನ್ನ ಡಬ್ಬಿಯ ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ ಅರ್ಧ ಅವನಿಗೆ ಕೊಟ್ಟೆ. ಅವನು ಬೆರಳು ಚೀಪಿಕೊಂಡು ತಿಂದ. “ನೀವು ಎಲ್ಲಿ ಓದಿದ್ರಿ?” ಎಂದು ಕೇಳಿದ. ಕೇಳಿದ್ದೇ ತಡ, ಜೂರಾಲ ಅಣೆಕಟ್ಟಿನ ಗೇಟು ಎತ್ತಿದ ಹಾಗೆ ನನ್ನ ಬಾಯಿ ತೆರೆಯಿತು.

ಮಕ್ತಲದಲ್ಲಿ ನಾನು ಕನ್ನಡ ಮಾಧ್ಯಮದ ಸಾಲಿಗೆ ಹೋದವಳು. ತೆಲುಗು ಸಾಲಿ ದೊಡ್ಡದು, ನಮ್ಮದು ಸಣ್ಣದು. ಬೇವಿನ ಗಿಡದ ಕೆಳಗೇ ಅರ್ಧ ತರಗತಿಗಳು ನಡೆಯುತ್ತಿದ್ದವು. ಒಬ್ಬರೇ ಗುರುಗಳು ಎಲ್ಲ ವಿಷಯ ಹೇಳುತ್ತಿದ್ದರು. ನಾವು ಓದು ಮುಗಿಸಿ ಹೊರಬಂದಾಗ ಸರ್ಕಾರದ ಕಾಗದ ಎಲ್ಲ ತೆಲುಗಿನಲ್ಲಿ, ಕೆಲಸದ ಕಾಗದ ಇಂಗ್ಲಿಷಿನಲ್ಲಿ. ಕನ್ನಡ ಮನೆಯೊಳಗೆ ಉಳಿಯಿತು. ಇದನ್ನೆಲ್ಲ ಹೇಳಿದೆ. ಗುರುಗಳು ಫೋಟೊ ತೆಗೆಯುವವನನ್ನು ಕರೆಸಿ ನಮ್ಮನ್ನು ಬೇವಿನ ಗಿಡದ ಕೆಳಗೆ ಕೂಡಿಸಿದ್ದನ್ನೂ ಹೇಳಿದೆ. ಆ ಫೋಟೊ ನಮಗೆ ಯಾರಿಗೂ ಸಿಗಲಿಲ್ಲ. ನನ್ನ ಸಣ್ಣವಯಸ್ಸಿನ ಒಂದೂ ಚಿತ್ರ ನಮ್ಮ ಮನೆಯಲ್ಲಿಲ್ಲ. ನಾನು ಹೆಂಗಿದ್ದೆನೋ ನನಗೇ ಗೊತ್ತಿಲ್ಲ ಎಂದು ನಕ್ಕೆ.

“ಈಗ ಸಾಲಿ ಐತೇನ್ರೀ?” ಎಂದ.

“ಐತ್ರಿ. ಹುಡುಗರೇ ಕಡಿಮಿ ಆಗ್ಯಾರ.”

ಅವನು ರೊಟ್ಟಿ ಮುರಿಯುತ್ತ ಎಲ್ಲವನ್ನೂ ಕೇಳಿಸಿಕೊಂಡ. ಹೋಗುವಾಗ ನನ್ನ ಆಫೀಸಿನ ಕಾರ್ಡು ಇಸಿದುಕೊಂಡ.

ಕೆಲವು ವಾರ ಕಳೆದವು. ಒಂದು ಮಧ್ಯಾಹ್ನ ನನ್ನ ಆಫೀಸಿನ ಮೇಲ್‌ಗೆ ಕನ್ನಡದಲ್ಲಿ ಒಂದು ಪತ್ರ ಬಂತು. ಕನ್ನಡ ಅಕ್ಷರಗಳು ಆ ಪರದೆಯ ಮೇಲೆ ಹಿಂದೆಂದೂ ಬಂದಿರಲಿಲ್ಲ. ‘ಪ್ರೀತಿಯ ಅಕ್ಕಾರಿಗೆ’ ಎಂದು ಶುರುವಾಗಿತ್ತು. ‘ನಮ್ಮ ಕನ್ನಡ ಸಾಲಿಯಲ್ಲಿ ಕಲಿತವರೆಲ್ಲ ಒಂದುಗೂಡುತ್ತಿದ್ದೇವೆ. ಗುರುಗಳ ಮನೆಯ ಟ್ರಂಕಿನಲ್ಲಿ ಹಳೆಯ ಫೋಟೊಗಳು ಸಿಕ್ಕಿವೆ. ಬೇವಿನ ಗಿಡದ ನೆರಳಲ್ಲಿ ಕೂತ ಮಕ್ಕಳಲ್ಲಿ ಒಬ್ಬಳು ನೀವೇ ಇರಬೇಕೆಂದು ನಮಗೆ ಅನ್ನಿಸುತ್ತದೆ. ನೋಡಿ, ಗುರುತು ಹಿಡಿದು ಹೇಳುವಿರಾ ತಾಯಿ?’ ಕೆಳಗೆ ಲಿಂಕು.

ಸಾಲಿಯವರಿಗೆ ನನ್ನ ಆಫೀಸಿನ ವಿಳಾಸ ಹೇಗೆ ಸಿಕ್ಕಿತೆಂದು ನಾನು ಯೋಚಿಸಬೇಕಿತ್ತು. ಕಳಿಸಿದವರ ವಿಳಾಸವನ್ನು ಅಕ್ಷರ ಅಕ್ಷರ ಓದಿರೆಂದು ಊರಿಗೆಲ್ಲ ಹೇಳಿದ ನಾನು ಅದನ್ನು ಓದಬೇಕಿತ್ತು. ‘ತಾಯಿ’ ಎಂಬ ಒಂದು ಶಬ್ದ ನನ್ನನ್ನು ಮುಂದಕ್ಕೆ ದೂಡಿತು. ಒತ್ತಿದೆ.

ತೆರೆಯಲಿಲ್ಲ. ಗುರುತಿಲ್ಲದ ಹೊಸ ತಾಣಗಳನ್ನು ತಡೆಯುವ ಏರ್ಪಾಡು ಸಿಸ್ಟಮ್‌ನಲ್ಲಿತ್ತು. ಅದನ್ನು ಹಾಕಿದವಳು ನಾನೇ. ಕೆಂಪು ಅಕ್ಷರದಲ್ಲಿ ‘ಅನುಮತಿ ಇಲ್ಲ’ ಎಂದು ಬಂತು. ಆ ತಡೆಯಿಂದ ಹೊರಗಿದ್ದದ್ದು ಒಂದೇ ಒಂದು ಖಾತೆ. ಸರ್ವರಿನ ಎಲ್ಲ ಬಾಗಿಲು ತೆಗೆಯುವ ಅಡ್ಮಿನ್ ಖಾತೆ ಅದು. ನಾನು ನನ್ನ ದಿನದ ಖಾತೆಯಿಂದ ಹೊರಬಂದು ಅಡ್ಮಿನ್ ಖಾತೆಯಲ್ಲಿ ಕೂತು ಮತ್ತೆ ಒತ್ತಿದೆ. ಈ ಸಲ ತೆರೆಯಿತು. ‘ನಮ್ಮವರೇ ಎಂದು ಖಾತ್ರಿಯಾಗಲು’ ತೆರೆದಿದ್ದ ಖಾತೆಯ ಹೆಸರು ಮತ್ತು ಪಾಸ್‌ವರ್ಡ್ ಕೇಳಿತು. ಕೊಟ್ಟೆ. ಫೋನಿಗೆ ಒಂದು ಸಂಖ್ಯೆ ಬಂತು, ಅದನ್ನು ಕೇಳಿತು. ಅದನ್ನೂ ಕೊಟ್ಟೆ. ಬಿಳಿ ಹಾಳೆಯೊಂದು ಬಂದು ನಿಂತಿತು. ‘ಫೋಟೊಗಳು ಸ್ವಲ್ಪ ಹೊತ್ತಿನಲ್ಲಿ ಬರುತ್ತವೆ’ ಎಂದಿತ್ತು.

ಬರಲಿಲ್ಲ. ನೆಟ್ ನಿಧಾನ ಇರಬೇಕು ಅಂದುಕೊಂಡೆ. ಅವ್ವನ ಫೋನು ಬಂದಾಗ ಸಂಭ್ರಮದಿಂದ ಹೇಳಿದೆ.

“ಅವ್ವಾ, ನಮ್ಮ ಸಾಲಿ ಫೋಟೊ ಸಿಕ್ಕಾವಂತ! ಬೇವಿನ ಗಿಡದ್ದು!”

“ಖರೇನ? ನೋಡು, ಎರಡು ಜಡಿ ಹಾಕಿ ಕೆಂಪು ರಿಬ್ಬನ್ ಕಟ್ಟಿದ್ದೆ ನಿನಗ. ಕಾಣ್ತಾವೇನು ನೋಡು.”

“ಬಂದ ಕೂಡ್ಲೇ ನಿನಗ ಕಳಿಸ್ತೀನಿ ತಗೋ.”

ಆಡಿಟಿನ ಕಡೆಯ ಸಭೆ ನಾರಾಯಣಪೇಟೆಯಲ್ಲೇ ನಡೆಯಿತು. ಮೇಲಿನ ಹಾಲಿನಲ್ಲಿ ಸೀರೆ ಹಾಸಿ ತೋರಿಸುವ ಬಿಳಿ ಗಾದಿಗಳನ್ನು ಬದಿಗೆ ಸರಿಸಿ ಕುರ್ಚಿ ಹಾಕಿದ್ದರು. ಮಕ್ತಲದಾಕೆ ಬಂದಿದ್ದಳು, ಗದ್ವಾಲದ ಮ್ಯಾನೇಜರು ಬಂದಿದ್ದರು, ಆಫೀಸಿನವರೆಲ್ಲ ಇದ್ದರು. ಸಾವ್ಕಾರರು ಮುಂದೆ ಕೂತಿದ್ದರು. ನಾನು ಆ ದಿನ ನಮ್ಮ ಊರಿನದೇ ಹೊಸ ಸೀರೆ ಉಟ್ಟಿದ್ದೆ. ಹೊಗಳಿಕೆ ಬರುವ ದಿನ ಅಂದುಕೊಂಡಿದ್ದೆ.

ಹೊಗಳಿಕೆ ಬಂತು ಕೂಡ. ಬ್ಯಾಕಪ್ ಚೆನ್ನಾಗಿದೆ, ಬೀಗ ಚೆನ್ನಾಗಿದೆ, ದಾಖಲೆ ಚೆನ್ನಾಗಿದೆ ಎಂದು ಆಡಿಟರು ಒಂದೊಂದಾಗಿ ಗೋಡೆಯ ಮೇಲೆ ತೋರಿಸಿದ. ಆಮೇಲೆ ತೆಲುಗಿನಲ್ಲಿ, ಸಾವ್ಕಾರರ ಒಪ್ಪಿಗೆಯಿಂದ ಎಲ್ಲರಿಗೂ ಒಂದೊಂದು ಮೋಸದ ಮೇಲ್ ಕಳಿಸಿ ಪರೀಕ್ಷೆ ಮಾಡಿದ್ದೆವು ಎಂದ. ಎಲ್ಲರೂ ಒಬ್ಬರನ್ನೊಬ್ಬರು ನೋಡಿಕೊಂಡರು. ಮಕ್ತಲದಾಕೆ ಗ್ಯಾಸಿನ ಸಬ್ಸಿಡಿಯ ಮೇಲ್ ಬಂದಿತ್ತೆಂದೂ ತಾನು ಮುಟ್ಟಲಿಲ್ಲವೆಂದೂ ಮೆಲ್ಲಗೆ ಪಕ್ಕದವಳಿಗೆ ಹೇಳಿದಳು. ಮ್ಯಾನೇಜರಿಗೆ ಬಂದದ್ದು ಜಿಲ್ಲಾ ಆಫೀಸಿನ ನೋಟಿಸು. ಅವರೂ ಅಳಿಸಿದ್ದರು.

ನಾನು ಅವರೆಲ್ಲರ ಕಡೆ ತಿರುಗಿ ಶಭಾಷ್ ಎಂಬಂತೆ ತಲೆಯಾಡಿಸಿದೆ. ಈಗ ನೆನೆಸಿಕೊಂಡರೆ ಮೈ ಹಿಂಡುವುದು ಆ ತಲೆಯಾಡಿಸಿದ ಕ್ಷಣಕ್ಕೇ.

“ಒಬ್ಬರು ಮಾತ್ರ ಒತ್ತಿದ್ದಾರೆ” ಎಂದ ಆಡಿಟರು. “ಅಡ್ಮಿನ್ ಖಾತೆಯಿಂದ.”

ಗೋಡೆಯ ಮೇಲೆ ಪತ್ರ ಬಂತು. ಬಾಗಿಲಿನಷ್ಟು ದೊಡ್ಡ ಕನ್ನಡ ಅಕ್ಷರಗಳು. ಸಾವ್ಕಾರರಿಗೆ ಕನ್ನಡ ಮಾತು ಬರುತ್ತದೆ, ಓದಲು ಬರುವುದಿಲ್ಲ. ಅವರಿಗೆ ಇನ್ನೂ ಅರ್ಥವಾಗಿರಲಿಲ್ಲ. ಮಕ್ತಲದಾಕೆಯ ಕಡೆ ತಿರುಗಿ, “ಏನ್ ಬರದೈತವ್ವ? ಓದು” ಎಂದರು.

ಅವಳು ಎದ್ದುನಿಂತು ಸಾಲಿಯ ಹುಡುಗಿಯ ಹಾಗೆ ಓದತೊಡಗಿದಳು. ‘ಪ್ರೀತಿಯ ಅಕ್ಕಾರಿಗೆ, ನಮ್ಮ ಕನ್ನಡ ಸಾಲಿಯಲ್ಲಿ ಕಲಿತವರೆಲ್ಲ’ ಎನ್ನುವಾಗ ದನಿ ಗಟ್ಟಿಯಿತ್ತು. ಬೇವಿನ ಗಿಡ ಬಂದಾಗ ಸಣ್ಣದಾಯಿತು. ಅವಳೂ ಮಕ್ತಲದವಳೇ, ಆ ಗಿಡ ಅವಳಿಗೂ ಗೊತ್ತು. ‘ಒಬ್ಬಳು ನೀವೇ ಇರಬೇಕೆಂದು’ ಎಂಬಲ್ಲಿ ನಿಂತುಬಿಟ್ಟಳು. ನನ್ನ ಕಡೆ ನೋಡದಿರಲು ಅವಳು ಪಡುತ್ತಿದ್ದ ಕಷ್ಟ ನನಗೆ ಕಾಣುತ್ತಿತ್ತು.

“ಯಾರಿಗೆ ಬಂದದ್ದು ಇದು?” ಎಂದರು ಸಾವ್ಕಾರರು.

“ನನಗ್ರೀ” ಎಂದೆ. “ನಾನೇ ಒತ್ತೀನ್ರಿ.”

ಹಿಂದಿನ ಸಾಲಿನಿಂದ ಗದ್ವಾಲದ ಮ್ಯಾನೇಜರು ಅಂದರು, “ಅಯ್ಯಯ್ಯ ಅಕ್ಕಾರ, ನಿಂಬಿಹಣ್ಣು ನೀವೇ ತುಳಿದ್ರ್ಯಾ?” ಯಾರೋ ನಕ್ಕರು. ನಗು ಬಾಯಿಂದ ಬಾಯಿಗೆ ಹೋಗಿ ಸಾವ್ಕಾರರ ತುಟಿಗೂ ಬಂದು ಅಲ್ಲೇ ನಿಂತಿತು. ಮ್ಯಾನೇಜರ ಮಾತಿನಲ್ಲಿ ವಿಷ ಇರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು.

ಕಿವಿಯಿಂದ ಕುತ್ತಿಗೆಯವರೆಗೆ ಬಿಸಿಯಾಗಿ, ಸೀರೆಯ ಹೊಸ ಗಂಜಿ ಮೈಗೆ ಚುಚ್ಚತೊಡಗಿತು. ತಪ್ಪು ಮಾಡಿದ್ದಕ್ಕೆ ನಾಚಿಕೆ ಇತ್ತು, ನಿಜ. ಅದಕ್ಕಿಂತ ದೊಡ್ಡ ನಾಚಿಕೆ ಗೋಡೆಯ ಮೇಲಿತ್ತು. ನನ್ನ ಬೇವಿನ ಗಿಡ, ನನ್ನ ಗುರುಗಳು, ನನ್ನ ಸಣ್ಣವಯಸ್ಸಿನ ಮುಖ ನೋಡಬೇಕೆಂಬ ಆಸೆ, ಎಲ್ಲವನ್ನೂ ಹಿಗ್ಗಿಸಿ ತೂಗುಹಾಕಿದ್ದರು. ಕೆಳಗೆ ಆಡಿಟಿನ ಭಾಷೆಯಲ್ಲಿ ‘ಗಂಭೀರ ಲೋಪ’ ಎಂದು ಬರೆದಿತ್ತು. ಸ್ನಾನ ಮಾಡುವಾಗ ಬಾಗಿಲು ತೆರೆದುಕೊಂಡ ಹಾಗಿತ್ತು ನನ್ನ ಸ್ಥಿತಿ.

ಸಭೆ ಮುಗಿದು ಎಲ್ಲರೂ ಚಹಾಕ್ಕೆ ಇಳಿದಾಗ ನಾನು ಮೆಟ್ಟಿಲ ಮೇಲೆ ಆಡಿಟರನ್ನು ತಡೆದೆ.

“ನನ್ನ ರೊಟ್ಟಿ ತಿಂದು, ಕನ್ನಡ ಮಾತಾಡಿ, ನನ್ನ ಹೊಟ್ಟ್ಯಾಗಿನ ಮಾತು ತಕ್ಕೊಂಡು ಹೋದ್ರಲ್ರೀ. ಇದು ಆಡಿಟ್ಟೇನು?”

ಅವನು ಬ್ಯಾಗನ್ನು ಒಂದು ಹೆಗಲಿನಿಂದ ಇನ್ನೊಂದಕ್ಕೆ ಬದಲಿಸಿದ. “ಕಳ್ಳರಿಗೆ ಕನ್ನಡ ಬರಂಗಿಲ್ಲ ಅನ್ಕೊಂಡೀರೇನ್ರೀ ಅಕ್ಕಾರ?”

ಹೌದು, ಹಾಗೇ ಅಂದುಕೊಂಡಿದ್ದೆ. ತೆಲುಗಿನಲ್ಲಿ ಮೋಸ ಬರುತ್ತದೆ, ಇಂಗ್ಲಿಷಿನಲ್ಲಿ ಬರುತ್ತದೆ, ಹಿಂದಿಯಲ್ಲಿ ಫೋನ್ ಮಾಡುತ್ತಾರೆ. ಕನ್ನಡಕ್ಕೆ ಈ ಸೀಮೆಯಲ್ಲಿ ಯಾವ ಆಫೀಸಿನಲ್ಲೂ ಕುರ್ಚಿ ಇಲ್ಲ, ಅದರಲ್ಲಿ ಕದಿಯಲು ಯಾರು ಬರುತ್ತಾರೆ ಎಂದು ನನ್ನೊಳಗೆ ಎಲ್ಲೋ ತೀರ್ಮಾನವಾಗಿತ್ತು. ನನ್ನ ಮಾತನ್ನು ನಾನೇ ಅಷ್ಟು ಸಣ್ಣದೆಂದು ತಿಳಿದಿದ್ದೆ.

ಅವನು ಇಳಿದುಹೋಗುತ್ತಾನೆಂದುಕೊಂಡೆ. ಹೋಗಲಿಲ್ಲ. ಮೆಟ್ಟಿಲ ಕೈಹಿಡಿಕೆ ಉಜ್ಜುತ್ತ ನಿಂತ.

“ನನಗ ಕನ್ನಡ ನೆಟ್ಟಗ ಬರ್ಯಾಕ ಬರಂಗಿಲ್ರೀ. ಮಾತಷ್ಟೇ. ಹೆಂಗ ಬರೀಬೇಕಂತ ಅವ್ವಗ ಕೇಳಿದೆ. ಅಕಿ ಖರೇ ಪತ್ರ ಅನ್ಕೊಂಡು ಕುಂತು ತಿದ್ದಿ ಕೊಟ್ಟಳು. ‘ತಾಯಿ’ ಅಂತ ಬರೀ, ದೊಡ್ಡೋರಿಗೆ ಅಕ್ಕಾ ಅಂದ್ರ ಸಾಕಾಗಂಗಿಲ್ಲ ಅಂದಳು. ಮರುದಿನ ಫೋನ್ ಮಾಡಿ, ‘ಆ ಹೆಣ್ಮಗಳಿಗೆ ಫೋಟೊ ಸಿಕ್ತೇನು’ ಅಂತ ಕೇಳಿದಳ್ರಿ.”

“ನೀವೇನು ಹೇಳಿದ್ರಿ?”

“ಸಿಕ್ಕೈತಿ ಅಂದೆ.”

ಕೆಳಗಿನಿಂದ ಸಾವ್ಕಾರರು ಚಹಾ ಆರುತ್ತದೆಂದು ಕೂಗಿದರು. ಅವನು ಇಳಿದ. ನಾನು ನಾಲ್ಕು ಮೆಟ್ಟಿಲು ಬಿಟ್ಟು ಹಿಂದೆ ಇಳಿದೆ.

ಸಾಯಂಕಾಲ ಸಾವ್ಕಾರರು ಒಳಗೆ ಕರೆದರು. ನಾನು ರಾಜೀನಾಮೆಯ ಮಾತು ಎತ್ತುವ ಮೊದಲೇ ಕೈ ಅಡ್ಡ ಹಿಡಿದರು. “ಅದು ಬ್ಯಾಡ. ಖರೇ ಕಳ್ಳ ಆಗಿದ್ರ ಏನಾಗ್ತಿತ್ತು ಅದನ್ನ ಹೇಳ್ರಿ.”

ಹೇಳಿದೆ. ಅಡ್ಮಿನ್ ಖಾತೆ ಸಿಕ್ಕವನಿಗೆ ಎಲ್ಲ ನೇಕಾರರ ಖಾತೆ ನಂಬರು, ಆಧಾರ್, ಬೆರಳು, ಎಲ್ಲ ಸಿಗುತ್ತಿತ್ತು. ಪಾಸ್‌ವರ್ಡ್ ಬದಲಿಸಬಹುದು, ಹೆಬ್ಬೆರಳು ಬದಲಿಸಲಾಗದು. ಅವರು ಆಡಿಟಿನ ಕಾಗದವನ್ನು ಹತ್ತಿರ ಎಳೆದುಕೊಂಡರು.

“ಕೀಲಿ ಒಬ್ಬರ ಕೈಯಾಗ ಇರಬಾರ್ದು ಅಂತ ಬರದಾನ ಆ ಹುಡುಗ. ಇನ್ನ ಮುಂದ ದೊಡ್ಡ ಬಾಗ್ಲಾ ತೆಗಿಬೇಕಂದ್ರ ನೀವು ಕೇಳಬೇಕು, ಮಕ್ತಲದಾಕಿ ಹೂಂ ಅನಬೇಕು. ಇಬ್ಬರು ಕೂಡಿದ್ರನ ತೆಗೀಬೇಕು.”

ಸರಿಯಾದ ಏರ್ಪಾಡೇ. ಇಂಥದ್ದು ಇರಬೇಕೆಂದು ನಾನೇ ಓದಿದ್ದೆ, ನಮ್ಮಂಥ ಸಣ್ಣ ಕಂಪನಿಗೆ ಬೇಡವೆಂದು ಬಿಟ್ಟಿದ್ದೆ. ಸರ್ಟಿಫಿಕೇಟು ಮುಂದಕ್ಕೆ ಹೋಯಿತು. ಲೋಪ ಸರಿಪಡಿಸಿದ ಮೇಲೆ ಮತ್ತೆ ನೋಡುತ್ತೇವೆಂದು ಆಡಿಟರು ಬರೆದಿದ್ದ.

ಮನೆಗೆ ಹೋದ ಮೇಲೆ ಅವ್ವನಿಗೆ ಫೋನ್ ಮಾಡಿದೆ. ಫೋಟೊ ಸಿಗಲಿಲ್ಲ, ಬೇರೆ ಯಾರದೋ ಸಾಲಿಯದು ಎಂದೆ. “ಹೋಗ್ಲಿ ಬಿಡು” ಎಂದಳು. ಫೋನ್ ಇಡುವ ಮೊದಲು, “ರಿಬ್ಬನ್ ಕೆಂಪಾವೇ, ನನಗ ಚಂದಂಗ ನೆನಪೈತಿ” ಎಂದಳು. ಆಡಿಟರನೂ ತನ್ನ ತಾಯಿಗೆ ಸುಳ್ಳು ಹೇಳಿದ್ದ, ನಾನೂ ಹೇಳಿದೆ.

ಎಲ್ಲ ಊರುಗಳ ಪಾಸ್‌ವರ್ಡು, ಬೆರಳು ಓದುವ ಯಂತ್ರಗಳ ಗುಟ್ಟಿನ ಸಂಕೇತ, ಎಲ್ಲ ಬದಲಿಸುವ ಕೆಲಸ ಬಿತ್ತು. ಮೊದಲು ಮಕ್ತಲಕ್ಕೆ ಹೋದೆ. ಡಿಪೋದಲ್ಲಿ ನೂಲಿನ ಪಿಂಡಿಗಳ ನಡುವೆ ಕುರ್ಚಿ ಹಾಕಿಕೊಂಡು ಅವಳಿಗೆ ಹೊಸ ಕೆಲಸ ಕಲಿಸಿದೆ. ನನ್ನಿಂದ ಬಂದ ಕೋರಿಕೆಯನ್ನು ಓದಿ, ಯಾಕೆಂದು ಕೇಳಿ, ಸರಿ ಕಂಡರೆ ಒಪ್ಪಬೇಕು. ಅವಳು ಕೇಳಿದಳು, “ನೀವು ಕೇಳಿದ್ದಕ್ಕ ನಾ ಬ್ಯಾಡ ಅಂತೀನೇನ್ರೀ?”

“ಅನಬೇಕು. ಅದಕ್ಕ ನಿನ್ನ ಇಟ್ಟಾರ.”

ಅವಳು ಒಂದು ನೂಲಿನ ಎಳೆಯನ್ನು ಬೆರಳಿಗೆ ಸುತ್ತಿ ಬಿಚ್ಚಿದಳು. “ನಾನು ಅವತ್ತು ಅಲ್ಲಿ ತನಕ ಓದಬಾರ್ದಿತ್ರಿ” ಎಂದಳು. “ಗುರುತು ಸಿಕ್ಕ ಕೂಡ್ಲೇ ಕುಂದ್ರಬೇಕಿತ್ತು.” ಅವಳು ಎರಡು ಕಪ್ ಚಹಾ ತರಿಸಿದಳು. ಕುಡಿದೆವು.

ಗದ್ವಾಲದಲ್ಲಿ ಕೆಲಸ ಕಷ್ಟವಾಯಿತು. ಯಂತ್ರದ ಸಂಕೇತ ಬದಲಾದರೆ ನೇಕಾರರ ಬೆರಳನ್ನು ಹೊಸದಾಗಿ ಹಿಡಿಯಬೇಕು. ಮ್ಯಾನೇಜರು ಓಣಿಯವರಿಗೆಲ್ಲ ಹೇಳಿ ಕಳಿಸಿದ್ದರು. ಬಾರದವರ ಮನೆಗೆ ನಾನೇ ಯಂತ್ರ ಹಿಡಿದು ಹೋದೆ. ಹಾಗೆ ಹೋದ ಒಂದು ಮನೆಯಲ್ಲಿ ಒಬ್ಬ ಮುದುಕಿ ಇದ್ದಾಳೆ. ಮಗ ಸೊಸೆ ನೆಲದ ಕುಣಿಯಲ್ಲಿ ಕಾಲಿಳಿಸಿ ನೇಯುವ ಮಗ್ಗದ ಮೇಲೆ ಕೂತರೆ, ಹತ್ತಿಯ ಸೀರೆಗೆ ರೇಷ್ಮೆಯ ಅಂಚು ಸೇರಿಸುವಾಗ ಎಳೆ ಎತ್ತಿಕೊಡುವುದು ಅವಳ ಕೆಲಸ. ಜೀವಮಾನವೆಲ್ಲ ನೂಲು ಉಜ್ಜಿ ಬೆರಳಿನ ಗೆರೆ ಸವೆದಿದೆ. ಯಂತ್ರ ಸುಲಭಕ್ಕೆ ಓದುವುದಿಲ್ಲ.

ಅವಳು ತೆಲುಗು ಕನ್ನಡ ಎರಡೂ ಬೆರೆಸಿ ಮಾತಾಡುತ್ತಾಳೆ. “ಮಲ್ಲೀ, ಮತ್ತ ಯಾಕವ್ವಾ? ಹೋದ ಸಲ ಕೊಟ್ಟೀನಲ್ಲ” ಎಂದಳು.

ಸಿಸ್ಟಮ್ ಬದಲಾಗಿದೆ ಎಂದರೆ ಮುಗಿಯುತ್ತಿತ್ತು. ಏನೂ ಕಳುವಾಗಿಲ್ಲ, ಆದ್ದರಿಂದ ಜನರಿಗೆ ತಿಳಿಸಬೇಕಾದ ಅಗತ್ಯವಿಲ್ಲವೆಂದು ಆಡಿಟರೂ ಹೇಳಿದ್ದ. ಅವಳು ಸೀರೆಗೆ ಕೈ ಒರೆಸಿಕೊಂಡು ಬೆರಳು ಮುಂದೆ ಮಾಡಿದ್ದಳು. ಆ ಬೆರಳು ನೋಡಿ ನನಗೆ ಸುಳ್ಳು ಬರಲಿಲ್ಲ.

“ಅಮ್ಮಾ, ನಾನು ಒಂದು ಮೋಸದ ಪತ್ರಕ್ಕ ಬಲಿ ಆಗಿ ಕೀಲಿ ಕೊಟ್ಟಬಿಟ್ಟಿದ್ದೆ. ಅದು ಪರೀಕ್ಷಾ ಆಗಿತ್ತು, ಖರೇ ಕಳ್ಳ ಅಲ್ಲ. ಏನೂ ಹೋಗಿಲ್ಲ. ಆದ್ರೂ ಎಲ್ಲಾ ಬದಲಿ ಮಾಡಾಕ ಹತ್ತೀನಿ.”

ಮಗ್ಗದ ಸದ್ದು ನಿಂತಿತು. ಮಗ ತಲೆಯೆತ್ತಿದ.

“ಏನಿತ್ತು ಪತ್ರದಾಗ?” ಎಂದಳು ಮುದುಕಿ.

ಹೇಳಿದೆ. ಸಾಲಿಯ ಫೋಟೊ ಎಂದಾಗ ಅವಳು ಚ್ಚು ಚ್ಚು ಎಂದಳು. “ಪಾಪ. ಯಾರಿಗಾದ್ರೂ ನೋಡಬೇಕು ಅನ್ನಿಸ್ತದ.” ನನ್ನ ಕಣ್ಣು ತುಂಬಿ ಬಂತು. ಇನ್ನು ಎಲ್ಲ ಸರಿಹೋಯಿತೆಂದು ಒಂದು ಕ್ಷಣ ಹಗುರಾದೆ.

ಅವಳು ಮುಂದೆ ಮಾಡಿದ್ದ ಕೈಯನ್ನು ಹಿಂದಕ್ಕೆ ತೆಗೆದುಕೊಂಡು ಮಡಿಲಲ್ಲಿಟ್ಟಳು.

“ಹಂಗಾದ್ರ ನಂದು ಬ್ಯಾಡವ್ವಾ. ಮೊದಲಿಂದೂ ತೆಗೆದುಬಿಡು.”

“ಅಮ್ಮಾ, ಈಗ ಬಂದೋಬಸ್ತ್ ಮೊದಲಿಗಿಂತ ಗಟ್ಟಿ ಮಾಡೀವಿ…”

“ಇರಬಹುದು. ನಿನ್ನ ಮ್ಯಾಲ ಸಿಟ್ಟಿಲ್ಲ. ಒಳ್ಳೆ ಹೆಣ್ಮಗಳು ನೀನು. ಆದ್ರ ನನ್ನ ಬೆರಳು ನನ್ನ ಹಂತ್ಯಾಕೇ ಇರ್ಲಿ.”

ಮಗ ತೆಲುಗಿನಲ್ಲಿ ಅವಳಿಗೆ ಏನೋ ಹೇಳಹೋದ. ಬೆರಳಿಲ್ಲದಿದ್ದರೆ ಅಂಗಡಿಯಲ್ಲಿ ಸೀರೆ ಕೊಡುವಾಗ ಪ್ರತಿ ಸಲ ಗುರುತಿನ ಕಾರ್ಡು ತೋರಿಸಬೇಕು, ಸಾಲಿನಲ್ಲಿ ನಿಲ್ಲಬೇಕು, ತಡವಾಗುತ್ತದೆ. “ನಿಂತರಾತು” ಎಂದಳು.

ಅವರ ಮಾಹಿತಿ ಅವರದು, ತೆಗೆಯೆಂದರೆ ತೆಗೆಯಬೇಕು. ನಿಯಮ ಹಾಗಿದೆ. ಆ ಸಾಲನ್ನು ನಾನೇ ನಮ್ಮ ನಿಯಮಗಳಲ್ಲಿ ಸೇರಿಸಿದ್ದೆ, ಯಾರೂ ಕೇಳುವುದಿಲ್ಲವೆಂಬ ಧೈರ್ಯದಿಂದ. ನಾರಾಯಣಪೇಟೆಗೆ ಮರಳಿ ಆ ತಣ್ಣನೆಯ ಕೋಣೆಯಲ್ಲಿ ಕೂತು ಕೋರಿಕೆ ಕಳಿಸಿದೆ. ತುಸು ಹೊತ್ತಿಗೆ ಮಕ್ತಲದಿಂದ ಫೋನು.

“ಅಕ್ಕಾರ, ಯಾಕ್ರೀ ತೆಗಿಯಾಕ ಹತ್ತೀರಿ? ಬರಂಗಿಲ್ಲೇನ್ರೀ ಆಕಿ ಇನ್ನ?”

“ಬರ್ತಾಳ. ನಮ್ಮ ಹಂತ್ಯಾಕ ಬೆರಳು ಇರಬಾರ್ದು ಅಂತ ಹೇಳ್ಯಾಳ.”

“ನನ್ನ ಸಲುವಾಗೇನ್ರೀ?” ಎಂದು ಕೇಳಿದಳು, ಹೊಸ ಕೀಲಿ ತನ್ನ ಕೈಗೆ ಬಂದದ್ದಕ್ಕೆ ಮುದುಕಿ ಹೆದರಿದಳೋ ಎಂದು.

“ಅಲ್ಲ. ನನ್ನ ಸಲುವಾಗಿ.”

ಅವಳು ಒಪ್ಪಿಗೆ ಒತ್ತಿದಳು. ಪರದೆಯ ಮೇಲೆ ಅಳಿಸಲಾಗಿದೆ ಎಂದು ಬಂತು. ಬ್ಯಾಕಪ್‌ನಿಂದಲೂ ಅಳಿಸಿದೆ. ಯಾರು ಕೇಳಿದರು, ಯಾರು ಒಪ್ಪಿದರು ಎಂಬುದು ದಾಖಲೆಯಲ್ಲಿ ಉಳಿಯಿತು.

ಎರಡನೆಯ ಸಲ ಬಂದ ಆಡಿಟರು ಬೇರೆಯವನು. ಅವನು ಕನ್ನಡದವನಲ್ಲ, ರೊಟ್ಟಿಯನ್ನೂ ತಿನ್ನಲಿಲ್ಲ. ಸರ್ಟಿಫಿಕೇಟು ಬಂತು. ಸಾವ್ಕಾರರು ಅದಕ್ಕೆ ಕಟ್ಟು ಹಾಕಿಸಿ ಗೋಡೆಗೆ ಹಾಕಿದರು, ಎಲ್ಲರಿಗೂ ಮೈಸೂರು ಪಾಕು ಹಂಚಿದರು. ನಿಂಬೆಹಣ್ಣಿನ ಮಾತನ್ನು ಈಗ ನಾನು ಪಾಠದಲ್ಲಿ ಹೇಳುವುದಿಲ್ಲ. ನಾನು ಹೇಳದಿದ್ದರೂ ಯಾರಾದರೂ ಹೇಳುತ್ತಾರೆ, ಎಲ್ಲರೂ ನಗುತ್ತಾರೆ, ನಾನೂ ನಗುತ್ತೇನೆ.

ಮೊನ್ನೆ ಕೆಲಸಕ್ಕೆಂದು ಗದ್ವಾಲಕ್ಕೆ ಹೋಗಿದ್ದೆ. ಅಂಗಡಿಯ ಹೊರಗೆ ಬಿಸಿಲಿನಲ್ಲಿ ಸಣ್ಣ ಸಾಲು ನಿಂತಿತ್ತು. ಅದರ ಕಡೆಯಲ್ಲಿ ಆ ಮುದುಕಿ, ಕಂಕುಳಲ್ಲಿ ಮಡಿಸಿದ ಸೀರೆ, ಕೈಯಲ್ಲಿ ಗುರುತಿನ ಕಾರ್ಡು. ಅವಳ ಕಣ್ಣು ತಪ್ಪಿಸಿ ಹಿಂಬಾಗಿಲಿಂದ ಹೋಗೋಣ ಎನ್ನಿಸಿತು. ಅಷ್ಟರಲ್ಲಿ ಅವಳೇ ನೋಡಿದಳು.

“ಏನವ್ವಾ, ಊಟ ಆತೇನು?” ಎಂದಳು.

“ಆತ್ರಿ ಅಮ್ಮಾ” ಎಂದೆ. ಆಗಿರಲಿಲ್ಲ. ಒಳಗೆ ಬಂದು ನೆರಳಿಗೆ ಕೂತುಕೊಳ್ಳಿರೆಂದು ಕರೆಯಬೇಕೆಂದುಕೊಂಡೆ, ಅವಳನ್ನು ಆ ಬಿಸಿಲಿಗೆ ನಿಲ್ಲಿಸಿದವಳು ನಾನೇ ಎಂದು ನೆನಪಾಗಿ ಕರೆಯಲಿಲ್ಲ. ಮುಂದಿನವನು ಒಳಗೆ ಹೋದ. ಅವಳು ಒಂದು ಹೆಜ್ಜೆ ಮುಂದೆ ಸರಿದು ನಿಂತಳು.